ಸಕ್ಕರೆ ಹಾಕದ ಬಟ್ಟಲು

"ಕಪ್ಪಿ ತತ್ತಿ ಇದ್ದಂಗೈತಿ ನೋಡು ಇದು," ಎಂದು ಗುರುಸಿದ್ದವ್ವ ಬಟ್ಟಲನ್ನು ಮಗಳ ಮೂಗಿನ ಹತ್ತಿರ ಹಿಡಿದಳು. "ಮಳಿ ಆದ ಮರುದಿನ ಹಳ್ಳದ ದಂಡಿಗೆ ತೇಲತಿರತೈತಲ್ಲ, ಅದ. ಇದರ ಸಲುವಾಗಿ ನನ್ನ ವಿಜಾಪುರ ತನಕ ಓಡಿಸಿದಿ."

ಶೈಲಶ್ರೀ ಗೋಡೆಗೆ ಒರಗಿ, ಏಳು ತಿಂಗಳ ಹೊಟ್ಟೆಯ ಮೇಲೆ ಮೊಬೈಲು ಇಟ್ಟುಕೊಂಡು ಕುಳಿತಿದ್ದಳು. ಬಟ್ಟಲಿನೊಳಗೆ ಇಣುಕಿದಳು. ರಾತ್ರಿಯೆಲ್ಲ ಹಾಲಿನಲ್ಲಿ ನೆನೆದ ಚಿಯಾ ಬೀಜಗಳು ಮೈಸುತ್ತ ಲೋಳೆ ತೊಟ್ಟುಕೊಂಡು ಒಂದಕ್ಕೊಂದು ಅಂಟಿದ್ದವು. ಚಮಚ ಎತ್ತಿದರೆ ಬಟ್ಟಲೇ ಎದ್ದು ಬರುವ ಹಾಗಿತ್ತು.

"ಹಿಂಗ ಇರಬೇಕವ್ವ. ವಿಡಿಯೋದಾಗೂ ಹಿಂಗ ಐತಿ."

"ವಿಡಿಯೋದಾಗ ಮಾಡಿದಾಕಿ ತಿಂದಾಳೇನು ಮತ್ತ?"

"ತಿಂದಾಳ. ನಕ್ಕೋತ ತಿಂದಾಳ."

"ರೊಕ್ಕ ಕೊಟ್ರ ನಾನೂ ನಕ್ಕೋತ ತಿಂತೀನಿ. ತಗೊ, ನೀ ತಿನ್ನು."

ಮಗಳು ಚಮಚದ ತುದಿಯಲ್ಲಿ ಒಂದಿಷ್ಟು ಎತ್ತಿ ಬಾಯಿಗಿಟ್ಟುಕೊಂಡಳು. ಒಂದು ಗಳಿಗೆ ಧೈರ್ಯ ಮಾಡಿ ಕುಳಿತಳು. ಆಮೇಲೆ ಅಂಗೈ ಬಾಯಿಗೊತ್ತಿಕೊಂಡು ಬಚ್ಚಲಿಗೆ ಎದ್ದುಹೋದಳು.

ಗುರುಸಿದ್ದವ್ವ ಬಟ್ಟಲನ್ನು ಅಡುಗೆ ಕಟ್ಟೆಯ ಮೇಲೆ ಕುಕ್ಕಿದಳು. ಇದು ಕೆಟ್ಟದ್ದು ಎರಡನೆಯ ಸಲ. ಮೊದಲ ಸಲದ ತಪ್ಪು ಅವಳದೇ, ಆದರೆ ಅದನ್ನು ತಪ್ಪೆಂದು ಅವಳು ಒಪ್ಪಿರಲಿಲ್ಲ. ಬೀಜ ಅಂದ ಮೇಲೆ ಹುರಿಯಬೇಕು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಬೇಕು. ಅಗಸಿಯಾಗಲಿ ಗುರೆಳ್ಳಾಗಲಿ, ಅವಳ ಕೈಗೆ ಬಂದ ಬೀಜ ಇಂದಿನ ತನಕ ಹಿಂಡಿಯಾಗದೆ ಉಳಿದದ್ದಿಲ್ಲ. ಚಿಯಾ ಪೊಟ್ಟಣ ಬಿಚ್ಚಿದವಳೇ ಅರ್ಧದಷ್ಟನ್ನು ಹಂಚಿಗೆ ಸುರಿದು, ಚಟಪಟ ಎನ್ನುವ ತನಕ ಹುರಿದು, ಒರಳಿಗೆ ಹಾಕಿಬಿಟ್ಟಿದ್ದಳು. ಮಗಳು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತಾಗ, "ಮೊದಲ ಹೇಳಬೇಕಿಲ್ಲೇನ ಬೇ?" ಎಂದು ಅವಳನ್ನೇ ಬೈದಿದ್ದಳು.

ಈ ರಗಳೆಯೆಲ್ಲ ಶುರುವಾದದ್ದು ಕುಬಸ ಮುಗಿದ ಮೇಲೆ. ಜೈನಾಪುರದ ಗಂಡನ ಮನೆಯಲ್ಲಿ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆಂದು ಶೈಲಶ್ರೀಯನ್ನು ಹೊನವಾಡದ ತವರಿಗೆ ಕಳಿಸಿದ್ದರು. ಬಂದ ವಾರದಲ್ಲೇ ವಿಜಯಪುರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಸಿರಿನ ಶುಗರ್ ಬಂದಿದೆ ಎಂದಳು.

"ಸಕ್ರಿ, ಬೆಲ್ಲ, ಜೇನು ಬಂದ್ ಮಾಡ್ರಿ. ಹಣ್ಣಿನಾಗ ಬಾಳಿಹಣ್ಣು, ಮಾವಿನಹಣ್ಣು, ದ್ರಾಕ್ಷಿ ಬ್ಯಾಡ. ಊಟ ಆಗಿ ಎರಡು ತಾಸಿಗೆ ಮನ್ಯಾಗ ಮಶೀನಿನಾಗ ನೋಡಿಕೊಳ್ರಿ. ನೂರಿಪ್ಪತ್ತರ ಒಳಗ ಇರಬೇಕು. ದೀಪಾವಳಿ ಮುಂದ ಬರ್ರಿ. ಇಳೀಲಿಲ್ಲಂದ್ರ ಇನ್ಸುಲಿನ್ ಸೂಜಿ ಚಾಲೂ ಮಾಡೂದ."

"ಈ ದಿನದಾಗ ದ್ರಾಕ್ಷಿ ಎಲ್ಲಿಂದ ಬರಬೇಕ್ರಿ ಡಾಕ್ಟರ? ನಮ್ಮ ತೋಟದಾಗ ಈಗ ಬಳ್ಳಿ ಕತ್ತರಸೂ ಚಾಟ್ನಿ ನಡದೈತಿ. ಕಾಯಿ ಬರೂದು ಶಿವರಾತ್ರಿಗೆ," ಎಂದು ಗುರುಸಿದ್ದವ್ವ ಅಲ್ಲಿಯೇ ತಿದ್ದಿದ್ದಳು. ಡಾಕ್ಟರಮ್ಮ ನಕ್ಕು ಮುಂದಿನವರನ್ನು ಕರೆದಿದ್ದಳು.

ಸೂಜಿ ಎಲ್ಲಿಗೆ ಎಂದು ಕೇಳಿದಾಗ ನರ್ಸು ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು. ಕೂಸಿಗೆ ಏನೂ ಆಗುವುದಿಲ್ಲ ಎಂದೂ ಹೇಳಿದಳು. ಆ ಮಾತು ಗುರುಸಿದ್ದವ್ವನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ದಿನಾ ಹೊಟ್ಟೆಗೆ ಸೂಜಿ. ಒಳಗೊಂದು ಕೂಸು. ಬೆರಳಿಗೆ ಚುಚ್ಚಿದರೇ ಕಣ್ಣು ಮೇಲೆ ಮಾಡುವ ಹುಡುಗಿ ಇದು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಅವಳು ಗಟ್ಟಿ ಮಾಡಿಕೊಂಡಳು: ಆ ಸೂಜಿ ಮಗಳ ಹೊಟ್ಟೆ ಮುಟ್ಟಬಾರದು. ಸಿಹಿಯ ಒಂದು ಹರಳು ಈ ಮನೆಯಲ್ಲಿ ಅವಳ ಬಾಯಿಗೆ ಬೀಳಬಾರದು.

ಅಂದಿನಿಂದ ಸಕ್ಕರೆ ಡಬ್ಬಿ ಅಟ್ಟ ಸೇರಿತು. ಮನೆಮಂದಿಗೆಲ್ಲ ಸಪ್ಪನ್ನ ಚಹಾ. ಗಂಡ ಸಂಗನಬಸವ ಎರಡು ದಿನ ಸುಮ್ಮನೆ ಕುಡಿದು, ಮೂರನೆಯ ದಿನ "ಬಸುರಿ ನಾನಲ್ಲಲೇ," ಎಂದು ಗೊಣಗಿ, ಊರೊಳಗಿನ ಹೋಟೆಲಿನ ದಾರಿ ಹಿಡಿದ. ಮಗಳು ಮಾತ್ರ ಊಟ ಬಿಟ್ಟಳು. ರೊಟ್ಟಿ ಕಂಡರೆ ವಾಕರಿಕೆ, ಪಲ್ಯೆ ಕಂಡರೆ ಮುಖ ಆ ಕಡೆ. ಮೊಬೈಲಿನಲ್ಲಿ ಅದೇನೋ ಪುಡಿಂಗ್ ನೋಡಿ, ಅದೊಂದಿದ್ದರೆ ತಿನ್ನುತ್ತೇನೆ ಎಂದು ಹಟ ಹಿಡಿದಿದ್ದಳು. ಗುರುಸಿದ್ದವ್ವ ಗಾಂಧಿ ಚೌಕಕ್ಕೆ ಹೋಗಿ, ಅಬ್ದುಲಸಮದನ ಕಿರಾಣಿ ಅಂಗಡಿಯ ಮುಂದೆ ನಿಂತು ಗದರಿದ್ದಳು:

"ಕಾಮಕಸ್ತೂರಿ ಬೀಜ ಕಟ್ಟಿಕೊಟ್ಟಿ ಅಂದ್ರ ಹೊಳ್ಳಿ ತಂದು ಮಾರಿಗೆ ಒಗಿತೀನಿ ನೋಡು."

"ಇಲ್ಲ ಬೇ ಯವ್ವಾ, ಖರೇ ಚಿಯಾ ಐತಿ. ಈಗ ಎಲ್ಲಾರೂ ಇದನ್ನ ಒಯ್ತಾರ."

"ಎಲ್ಲಾರಿಗೂ ಶುಗರ ಬಂದೈತೇನು?"

"ಅರ್ಧಾ ಮಂದಿಗೆ ಶುಗರ, ಅರ್ಧಾ ಮಂದಿಗೆ ಹೊಟ್ಟಿ," ಎಂದು ಅವನು ತನ್ನ ಹೊಟ್ಟೆಯನ್ನೇ ತಟ್ಟಿಕೊಂಡಿದ್ದ.

ಅಷ್ಟೆಲ್ಲ ಮಾಡಿ ತಂದದ್ದು ಈಗ ಹೀಗಾಯಿತು. ಶೈಲಶ್ರೀ ಬಚ್ಚಲಿನಿಂದ ಮುಖ ತೊಳೆದುಕೊಂಡು ಬಂದು ಕುಳಿತಳು.

"ಅವ್ವಾ, ಸಿಟ್ಟಾಗಬ್ಯಾಡ. ಇನ್ನೂ ಮಸಾಲಿ ಹಾಕಿಲ್ಲಲ್ಲ, ಅದಕ್ಕ ಹಂಗಾತು. ಇದು ಎಲಿ ಉದುರೂ ಕಾಲದ ಪುಡಿಂಗ್ ಅಂತ. ಪರದೇಶದಾಗ ಈ ತಿಂಗಳ ಗಿಡದ ಎಲಿ ಎಲ್ಲಾ ಉದರ್ತಾವಂತ. ಆವಾಗ ಕುಂಬಳಕಾಯಿ, ದಾಲ್ಚಿನ್ನಿ, ಒಣಶುಂಠಿ, ಲವಂಗ, ಜಾಜಿಕಾಯಿ ಹಾಕಿ ಮಾಡ್ತಾರಂತ."

"ಅವರ ಎಲಿ ತಾವ ಉದರ್ತಾವ. ನಮ್ಮ ಎಲಿ ಉದುರಾಕ ಹತ್ತು ಆಳು ಬೇಕು," ಎಂದು ಗುರುಸಿದ್ದವ್ವ ಕಿಟಕಿಯ ಕಡೆ ಕೈ ಮಾಡಿದಳು.

ಹೊರಗೆ ತೋಟದಲ್ಲಿ ಚಾಟ್ನಿ ನಡೆದಿತ್ತು. ಕತ್ತರಿ ಹಿಡಿದ ಆಳುಗಳು ಸಾಲು ಹಿಡಿದು ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುತ್ತ, ಎಲೆ ಸವರುತ್ತ ಹೊರಟಿದ್ದರು. ಹಿಂದೆ ಉಳಿದ ಸಾಲುಗಳು ತಂತಿಯ ಮೇಲೆ ಬರಿಗೈ ಚಾಚಿಕೊಂಡು ನಿಂತಿದ್ದವು. ನೆಲದ ತುಂಬ ಹಸಿರು ಎಲೆ. ಸಂಗನಬಸವ ಒಳಗೆ ಬಂದು, ಬಾಗಿಲ ಪಕ್ಕದ ತಗಡಿನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಮಣೂಕ ತೆಗೆದು ಬಾಯಿಗೆ ಒಗೆದುಕೊಂಡ. ಕಟ್ಟೆಯ ಮೇಲಿದ್ದ ಬಟ್ಟಲು ನೋಡಿದ.

"ಇದೇನಲೇ, ಗ್ವಾಡಿಗೆ ಪೋಸ್ಟರ ಹಚ್ಚೂ ಗೋಂದ ಏನು?"

"ನಿಮ್ಮ ಮಗಳ ಮುಂಜಾನಿ ನ್ಯಾರಿ."

"ಎಮ್ಮಿಗೆ ಇಡು. ಅದು ತಿಂತಂದ್ರ ಮುಂದ ನೋಡೂನು," ಎಂದು ಇನ್ನೊಂದು ಹಿಡಿ ತೆಗೆದುಕೊಂಡು ಹೋದ.

ಆ ಡಬ್ಬಿ ಆ ಮನೆಯಲ್ಲಿ ಯಾವತ್ತೂ ಬರಿದಾದದ್ದಿಲ್ಲ. ತೋಟದ ದ್ರಾಕ್ಷಿಯಲ್ಲಿ ಮುಕ್ಕಾಲು ಪಾಲು ಒಣಗಿ ಮಣೂಕವಾಗುತ್ತಿತ್ತು. ಮಾರುವುದು ಮಾರಿ, ಮನೆಗೆಂದು ಉಳಿಸಿದ್ದು ಡಬ್ಬಿಗೆ. ಬಂದವರು ಒಂದು ಹಿಡಿ, ಹೋಗುವವರು ಒಂದು ಹಿಡಿ. ಉಪ್ಪಿಟ್ಟಿಗೂ ಬೀಳುತ್ತಿತ್ತು, ಅವಲಕ್ಕಿಗೂ ಬೀಳುತ್ತಿತ್ತು. ಸಿಹಿ ಎಂದರೆ ಹಬ್ಬಕ್ಕೆ ಬೆಲ್ಲ ಕುದಿಸಿ, ಹೂರಣ ರುಬ್ಬಿ ಮಾಡುವುದು. ಮಣೂಕ ಸಿಹಿಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹಿತ್ತಲಿನ ಕೊತ್ತಂಬರಿಯ ಹಾಗೆ ಅದೂ ಮನೆಯದು, ಅಷ್ಟೇ.

ಮರುದಿನ ಗುರುಸಿದ್ದವ್ವ ಹಟಕ್ಕೆ ಬಿದ್ದಳು. ಕುಂಬಳಕಾಯಿಯ ಹೋಳು ಬೇಯಿಸಿ ಹಿಸುಕಿದಳು. ದಾಲ್ಚಿನ್ನಿ, ಲವಂಗ ಬೆಚ್ಚಗೆ ಮಾಡಿ ಪುಡಿ ಮಾಡಿದಳು. ಒಣಶುಂಠಿ ಕುಟ್ಟಿ ಜರಡಿ ಹಿಡಿದಳು. ಜಾಜಿಕಾಯಿಯನ್ನು ಸಾಣೆಕಲ್ಲಿನ ಮೇಲೆ ತೇಯ್ದಳು. ಎಲ್ಲವನ್ನೂ ಹಾಲಿಗೆ ಕಲಸಿ, ಚಿಯಾ ಹಾಕಿ ಇಟ್ಟಳು. ವಾಸನೆ ಏನೋ ಹಬ್ಬದ ಮನೆಯಂತೆ ಎದ್ದಿತು. ರುಚಿ ನೋಡಿದರೆ ಮಸಾಲೆ ಹಾಕಿದ ಸುಣ್ಣ. ಮಗಳು ಇದನ್ನೂ ಉಗುಳುತ್ತಾಳೆ, ಮತ್ತೆ ಹಸಿದು ಮಲಗುತ್ತಾಳೆ ಎನಿಸಿತು. ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಎರಡು ಹಿಡಿ ಮಣೂಕ ಬಿಸಿನೀರಿನಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಕಲಸಿ, ಮೇಲೆ ಇನ್ನಷ್ಟು ಉದುರಿಸಿದಳು.

ಶೈಲಶ್ರೀ ಒಂದು ಚಮಚ ತಿಂದಳು. ಕಣ್ಣು ದೊಡ್ಡದು ಮಾಡಿ ಇನ್ನೊಂದು ತಿಂದಳು. ಬಟ್ಟಲು ಬರಿದಾಯಿತು.

"ಯವ್ವಾ, ಏನ ಹಾಕಿದಿ?"

"ಸಕ್ರಿ ಹಾಕಿಲ್ಲ, ಬೆಲ್ಲ ಹಾಕಿಲ್ಲ, ಜೇನ ಹಾಕಿಲ್ಲ. ಕುಂಬಳಕಾಯಿ, ಮಣೂಕ, ನಿನ್ನ ಪರದೇಶದ ಮಸಾಲಿ. ಆ ವಿಡಿಯೋದಾಕಿಗೆ ಹೇಳು, ಹೊನವಾಡಕ್ಕ ಬಂದು ಕಲತು ಹೋಗಂತ."

ಆ ವಾರವೆಲ್ಲ ಅವಳು ಅದನ್ನೇ ಮಾಡಿದಳು. ಮಗಳು ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು ತಿಂದಳು. ಮುಖದಲ್ಲಿ ಬಣ್ಣ ಬಂತು. ಸಂಗನಬಸವನೂ ತಳ ಕೆರೆದು ತಿಂದು, "ಇದು ಪಾಯಸ ಆತಲ್ಲ," ಎಂದ. ಗುರುಸಿದ್ದವ್ವ ಓಣಿಯ ಹೆಂಗಸರೆದುರು ಚಿಯಾದ ಗುಣಗಾನ ಶುರು ಮಾಡಿದಳು.

ಮಶೀನು ಮಾತ್ರ ಬೇರೆ ಮಾತು ಹೇಳಿತು. ನೂರಾ ಐವತ್ತೆಂಟು. ಮರುದಿನ ನೂರಾ ಅರವತ್ತಾರು.

"ಮಶೀನ ಕೆಟ್ಟೈತಿ," ಎಂದಳು ಗುರುಸಿದ್ದವ್ವ. ತನ್ನ ಬೆರಳಿಗೆ ಚುಚ್ಚಿಕೊಂಡು ನೋಡಿದಳು. ತೊಂಬತ್ತೆಂಟು. ಗಂಡನನ್ನು ಹಿಡಿದು ಚುಚ್ಚಿದಳು. ನೂರಾ ನಾಲ್ಕು. ಮಶೀನು ಕೆಟ್ಟಿರಲಿಲ್ಲ. ಹಾಗಾದರೆ ಯಾರೋ ಕದ್ದು ತಿನ್ನಿಸುತ್ತಿದ್ದಾರೆ. ಬಸುರಿ ಮನೆಗೆ ಬರುವವರು ಬರಿಗೈಲಿ ಬರುವುದಿಲ್ಲ. ಒಬ್ಬಳು ಕರ್ಚಿಕಾಯಿ, ಇನ್ನೊಬ್ಬಳು ಎಳ್ಳಿನ ಉಂಡಿ. ಗುರುಸಿದ್ದವ್ವ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕುಳಿತಳು. ಸೆರಗಿನ ಅಡಿ ಏನಾದರೂ ಉಬ್ಬಿದ್ದು ಕಂಡರೆ, "ಏನ ತಂದೀ, ತಗಿ ಹೊರಗ," ಎಂದು ನಡುಬಾಗಿಲಲ್ಲೇ ನಿಲ್ಲಿಸಿದಳು. ಓಣಿಯವರು ಬರುವುದು ಬಿಟ್ಟರು.

ಅಂಥ ಒಂದು ಮಧ್ಯಾಹ್ನ ಜೈನಾಪುರದ ಬೀಗತಿ ಮಲಕವ್ವ ಬಂದಿಳಿದಳು. ಎರಡು ಬಸ್ಸು ಬದಲಿಸಿ, ತಲೆಯ ಮೇಲೆ ಬುತ್ತಿಯ ಗಂಟು ಹೊತ್ತು ಬಂದಿದ್ದಳು; ಬಿಸಿಲಿಗೆ ಮುಖ ಕೆಂಪಾಗಿತ್ತು. ಬಯಕೆಯ ಬುತ್ತಿ. ಅತ್ತೆ ಸೊಸೆಗೆ ತರಬೇಕಾದದ್ದು.

"ಬರ್ರಿ," ಎಂದಳು ಗುರುಸಿದ್ದವ್ವ. ಎದ್ದು ನಿಂತದ್ದು ಮಾತ್ರ ಬಾಗಿಲಿಗೆ ಅಡ್ಡವಾಗಿ. "ಆ ಗಂಟು ಅಲ್ಲೇ ಕಟ್ಟಿ ಮ್ಯಾಲ ಇಡ್ರಿ."

"ಯಾಕ್ರಿ ಬೀಗತೀ? ಬುತ್ತಿ ಒಳಗ ಒಯ್ಯಬಾರದೇನು?"

"ಹುಡುಗಿಗೆ ಶುಗರ ಬಂದದ್ದು ಗೊತ್ತೈತಿಲ್ಲೋ ನಿಮಗ?"

"ಗೊತ್ತೈತ್ರಿ. ನಿಮ್ಮ ಅಳಿಯಾ ಸತೀಶ ಹೇಳ್ಯಾನ. ಅದಕ್ಕ..."

"ಗೊತ್ತಿದ್ದೂ ತಂದೀರಿ! ಕುಬಸದಾಗ ನೀವು ತುರುಕಿದ ಹೋಳಿಗಿನ ಇನ್ನೂ ಇಳಿದಿಲ್ಲ ಆಕಿ ಮೈಯಾಗ. ಈ ಬ್ಯಾನಿ ಹಚ್ಚಿ ಕಳಿಸಿದವರ ನೀವು. ಮತ್ತ ಹೊತಗೊಂಡ ಬಂದೀರಲ್ಲ, ಹೊಟ್ಟಿಗೆ ಸೂಜಿ ಹಾಕೂದ ನೋಡಬೇಕಾಗೈತೇನು?"

ಒಳಗಿನಿಂದ ಶೈಲಶ್ರೀ, "ಅವ್ವಾ!" ಎಂದಳು. ಗುರುಸಿದ್ದವ್ವ ತಿರುಗಿ ನೋಡಲಿಲ್ಲ.

ಮಲಕವ್ವ ಗಂಟನ್ನು ತಲೆಯಿಂದ ಇಳಿಸಿರಲಿಲ್ಲ. ಒಂದು ಕೈಯಿಂದ ಹಿಡಿದುಕೊಂಡೇ ಕೇಳಿದಳು:

"ಬಿಚ್ಚಿ ಸೈತ ನೋಡೂದಿಲ್ಲೇನ್ರಿ?"

"ಬಿಚ್ಚೂದ ಬ್ಯಾಡ."

"ಆತು," ಎಂದಳು ಮಲಕವ್ವ. "ಒಂದ ಮಾತ ಹೇಳಿ ಹೋಗ್ತೀನಿ. ನಾ ಹಾದ್ಯಾಗ ಹೋಗಾಕಿ ಅಲ್ಲ. ಆ ಹೊಟ್ಟ್ಯಾಗಿಂದು ನಮ್ಮದೂ ಐತಿ." ಕಿಟಕಿಯ ಕಡೆ ನೋಡಿ, "ಶೈಲಾ, ಬರ್ತೀನಿ ಯವ್ವಾ," ಎಂದವಳು ನೀರೂ ಕುಡಿಯದೆ ಬಂದ ದಾರಿಗೆ ತಿರುಗಿದಳು. ಬುತ್ತಿ ಹೊತ್ತು ಬಂದ ಬೀಗತಿ ಬುತ್ತಿ ಹೊತ್ತೇ ಹೋಗುವುದನ್ನು ತೋಟದ ಆಳುಗಳು ಕತ್ತರಿ ನಿಲ್ಲಿಸಿ ನೋಡಿದರು.

ಸಂಜೆ ಶೈಲಶ್ರೀ ಗಂಡನ ಜೊತೆ ಫೋನಿನಲ್ಲಿ ಮಾತಾಡಿ ಬಂದು ಅವ್ವನ ಮುಂದೆ ನಿಂತಳು.

"ಬುತ್ತ್ಯಾಗ ಏನಿತ್ತು ಗೊತ್ತೈತೇನು? ಸಜ್ಜಿ ರೊಟ್ಟಿ, ಮಡಕಿಕಾಳ ಪಲ್ಯೆ, ಅಗಸಿ ಹಿಂಡಿ, ಪುಂಡಿಪಲ್ಯೆ. ಒಂದ ತುಣುಕ ಸಿಹಿ ಇರಲಿಲ್ಲ. ಡಾಕ್ಟರ ಏನ ತಿನಬೇಕಂದಾರ ಅಂತ ಮೊದಲ ಕೇಳಿ, ನಸಕಿನ್ಯಾಗ ಎದ್ದು ಮಾಡಿದ್ರಂತ."

ಗುರುಸಿದ್ದವ್ವ, "ಹಂಗಾದ್ರ ಹೇಳಬೇಕಿತ್ತಲ್ಲ, ಬಾಯಿ ಇರಲಿಲ್ಲೇನು?" ಎಂದಳು.

"ನೀ ಹೇಳಾಕ ಬಿಟ್ಟೀ ಏನು?"

ಮರುದಿನ ನೂರಾ ಎಂಬತ್ತೊಂದು ಬಂತು.

ಗುರುಸಿದ್ದವ್ವನಿಗೆ ತಲೆ ಕೆಟ್ಟುಹೋಯಿತು. ಮಗಳು ಹಿತ್ತಲಿಗೆ ಹೋದಾಗ ಅವಳ ಹಾಸಿಗೆ ಕೊಡವಿದಳು. ದಿಂಬಿನ ಗವುಸಿನಲ್ಲಿ ಕೈ ಹಾಕಿದಳು. ಟ್ರಂಕಿನ ತಳ ತಡಕಾಡಿದಳು. ಸಿಕ್ಕಿದ್ದು ಎರಡು ಕೂದಲಿನ ಪಿನ್ನು, ಹುಟ್ಟುವ ಕೂಸಿನ ತಲೆಗೆಂದು ಒಂದು ಕುಂಚಿಗೆ. ಕುಂಚಿಗೆಯನ್ನು ಜೈನಾಪುರದವರು ಕೊಟ್ಟು ಕಳಿಸಿದ್ದರು. ಅಂಗೈಯಷ್ಟೇ ಇತ್ತು. ಬಾಗಿಲಲ್ಲಿ ಶೈಲಶ್ರೀ ನಿಂತಿದ್ದಳು.

"ನಾ ಕಳ್ಳಿ ಏನವ್ವ?" ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. "ಹೇಳು, ನಾ ಏನ ತಿಂದೀನಿ? ನೀ ಕೊಟ್ಟದ್ದು ಬಿಟ್ರ ನಾಲಿಗ್ಗೆ ಏನೂ ಮುಟ್ಟಿಸಿಲ್ಲ. ನೀರ ಸೈತ ನಿನ್ನ ಕೇಳಿ ಕುಡಿಯಾಕತ್ತೀನಿ."

ಯಾರನ್ನು ಬೈಯಬೇಕೆಂದು ತಿಳಿಯದೆ ಗುರುಸಿದ್ದವ್ವ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಬೇವಿನ ಗಿಡದ ಕೆಳಗೆ ಸಂಗನಬಸವ ಫೋನು ಕಿವಿಗೆ ಹಚ್ಚಿಕೊಂಡು, ಯಾರೋ ವ್ಯಾಪಾರಿಯ ಜೊತೆ ಉಳಿದ ಮಾಲಿನ ದರ ಹಚ್ಚುತ್ತಿದ್ದ.

"...ಏ, ನಮ್ಮ ಮಣೂಕ ತಿಂದು ಮಾತಾಡ್ರಿ. ಮೀಟರ ಹಚ್ಚಿ ನೋಡಿ, ಶುಗರ ಇಪ್ಪತ್ನಾಕು ಬರೂತನಕ ನಾ ಕಾಯಿ ಹರ್ಯಾಂಗೇ ಇಲ್ಲ. ಮಂದಿ ಇಪ್ಪತ್ತಕ್ಕ ಹರೀತಾರ. ನಮ್ಮವು ಸಕ್ರಿ ಹರಳ ಅದಾವ, ಸಕ್ರಿ ಹರಳ!"

ಗುರುಸಿದ್ದವ್ವ ತಲೆ ಎತ್ತಿದಳು. ಆ ಮೀಟರು ಅವಳಿಗೆ ಗೊತ್ತು. ಮದುವೆಯಾಗಿ ಬಂದಾಗಿನಿಂದ ನೋಡಿದ್ದಾಳೆ. ಹಣ್ಣು ಹಿಂಡಿ ಒಂದು ಹನಿ ರಸ ಗಾಜಿಗೆ ಬಿಟ್ಟು, ಬಿಸಿಲಿಗೆ ಹಿಡಿದು ಕಣ್ಣು ಕಿವುಚಿ ನೋಡುವ ನಳಿಕೆ. ಶುಗರ ಏರಿತೆಂದರೆ ಮನೆಯಲ್ಲಿ ಸಂಭ್ರಮ. ಎಷ್ಟು ವರ್ಷ ಅವಳೇ, "ಇವತ್ತ ಎಷ್ಟ ಬಂತ್ರೀ?" ಎಂದು ಕೇಳಿದ್ದಾಳೆ.

ಅವಳು ಎದ್ದು ಹೋಗಿ ಗಂಡನ ಮುಂದೆ ನಿಂತಳು. ಅವನು ಫೋನು ಇಡುವ ತನಕವೂ ಕಾಯಲಿಲ್ಲ.

"ಕಾಯಿಯೊಳಗಿನ ಆ ಶುಗರು, ಒಣಗಿ ಮಣೂಕ ಆದಮ್ಯಾಲ ಎಲ್ಲಿ ಹೋಗತೈತ್ರಿ?"

"ಎಲ್ಲಿ ಹೋಗತೈತಿ? ನೀರ ಹೋಗತೈತಿ, ಸಕ್ರಿ ಉಳೀತೈತಿ. ನಾಕ ಕಿಲೋ ಕಾಯಿಂದು ಒಂದ ಕಿಲೋದಾಗ ಕುಂಡರತೈತಿ. ಯಾಕ?"

ಗುರುಸಿದ್ದವ್ವ ಅಲ್ಲಿಯೇ, ಉದುರಿದ ಎಲೆಗಳ ಮೇಲೆ ಕುಕ್ಕರಿಸಿದಳು. ದಿನಕ್ಕೆ ಎರಡು ಬಟ್ಟಲು. ಬಟ್ಟಲಿಗೆ ಎರಡು ಹಿಡಿ. ಮೇಲೆ ಉದುರಿಸಿದ್ದು ಬೇರೆ. ಬಾಗಿಲಲ್ಲಿ ಕುಳಿತು ಊರನ್ನೆಲ್ಲ ಕಾಯ್ದವಳು ತಾನು, ಒಳಗಿನಿಂದ ಬಡಿಸಿದವಳೂ ತಾನೇ.

"ಏನಾತಲೇ?" ಎಂದ ಸಂಗನಬಸವ.

"ಸುಮ್ಮ ಕುಂಡರ್ರಿ," ಎಂದಳು. "ನಿಮ್ಮ ಇಪ್ಪತ್ನಾಕಕ್ಕ ಬೆಂಕಿ ಹತ್ತಲಿ."

ಒಳಗೆ ಹೋಗಿ ಮಗಳಿಗೆ ಹೇಳಿದಳು. ಸುತ್ತುಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಮಣೂಕದಿಂದ ಏರೈತಿ. ನಾನ ಏರಿಸೀನಿ," ಎಂದು ನಿಂತಳು.

ಶೈಲಶ್ರೀ ಅಳುತ್ತಾಳೆ ಎಂದುಕೊಂಡಿದ್ದಳು. ಅವಳು ಅಳಲಿಲ್ಲ. ಬಿ.ಎ. ಓದಿದ ತನಗೂ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತು, ಥೇಟ್ ಗುರುಸಿದ್ದವ್ವನ ದನಿಯಲ್ಲಿ, "ನಮ್ಮತ್ತಿಗೆ ಫೋನ ಹಚ್ಚು. ಈಗ. ನನ್ನ ಮುಂದ," ಎಂದಳು.

"ನಾಳಿ ಹಚ್ತೀನಿ."

"ಈಗ ಅಂದ್ನಿ. ಆ ಬಿಸಲಾಗ ನೀರ ಕುಡೀಲಾರದ ಹೋದ್ರು. ಆವಾಗ ನಾಳಿ ಅಂದೀ ಏನು?"

ಮಗಳೇ ನಂಬರು ಒತ್ತಿ ಅವ್ವನ ಕೈಗೆ ಕೊಟ್ಟಳು. ಆ ಕಡೆ ಮಲಕವ್ವ ಎತ್ತಿದಳು.

"ನಾನ್ರಿ, ಹೊನವಾಡದಾಕಿ," ಎಂದಳು ಗುರುಸಿದ್ದವ್ವ. "ಅದು... ಶುಗರ ನಿಮ್ಮಿಂದ ಬಂದಿದ್ದಲ್ಲ. ನಾನ ಮಣೂಕ ರುಬ್ಬಿ ಹಾಕಾಕತ್ತಿದ್ದೆ. ಅದರಿಂದ ಏರೈತಿ. ನಿಮಗ ಅಂದದ್ದು ನಾ..."

"ಈಗ ಎಷ್ಟೈತಿ?" ಎಂದಳು ಮಲಕವ್ವ.

"ಏನ್ರಿ?"

"ಶುಗರ್ರಿ. ಈಗ ಎಷ್ಟೈತಿ ಹುಡುಗಿಗೆ?"

"ನೂರಾ ಎಂಬತ್ತೊಂದು."

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಆಸ್ಪತ್ರಿಗೆ ಯಾವಾಗ?"

"ಶುಕ್ರವಾರ."

"ದಿನಾ ನೋಡಿ ನನಗ ಹೇಳ್ರಿ. ನೀವು ನನಗ ಅಂದ ಮಾತಿನ ಲೆಕ್ಕ ಆಮ್ಯಾಲ ಮಾಡೂನು. ನಾ ಬಿಡಾಕಿ ಅಲ್ಲ," ಎಂದು ಮಲಕವ್ವ ಫೋನು ಇಟ್ಟಳು.

ಮಣೂಕದ ಡಬ್ಬಿ ಅಟ್ಟ ಏರಿ ಸಕ್ಕರೆಯ ಪಕ್ಕದಲ್ಲಿ ಕುಳಿತಿತು. ಗುರುಸಿದ್ದವ್ವ ಚಿಯಾ ನೆನೆಸಿದಳು. ಕುಂಬಳಕಾಯಿ ಸ್ವಲ್ಪವೇ, ಶುಂಠಿ ಇನ್ನಷ್ಟು, ಕೆನೆ ತೆಗೆದ ಹಾಲು, ಮೇಲೆ ನಾಲ್ಕು ಶೇಂಗಾ. ಶೈಲಶ್ರೀ ಮೂಗು ಹಿಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿ, ಔಷಧದಂತೆ ನುಂಗಿದಳು. ಸಜ್ಜಿ ರೊಟ್ಟಿಯನ್ನೂ ತಿಂದಳು. ಅಂಕಿ ಇಳಿಯತೊಡಗಿತು. ಆದರೆ ಗುರುವಾರ ಇನ್ನೂ ನೂರಾ ಮೂವತ್ತರ ಮೇಲೆಯೇ ಇತ್ತು.

ಶುಕ್ರವಾರ ಬೆಳಿಗ್ಗೆ ಅದನ್ನೇ ತಿಂದು ಬಸ್ಸು ಹತ್ತಿದರು. ತಿಂದು ಎರಡು ತಾಸು ತುಂಬಿದಾಗ ಬಸ್ಸು ತಿಕೋಟಾ ದಾಟಿತ್ತು. ಶೈಲಶ್ರೀ ಮಶೀನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ರಸ್ತೆಯ ತಗ್ಗಿಗೆ ಬಸ್ಸು ಎಗರಿ, ರಕ್ತ ಹಿಡಿಯುವ ಪಟ್ಟಿ ಕೆಳಗೆ ಬಿತ್ತು. ಇನ್ನೊಂದು ತೆಗೆದಳು. ಸೂಜಿ ಹಿಡಿದ ಕೈ ಬೆರಳಿನ ಮೇಲೆ ನಿಲ್ಲಲೇ ಇಲ್ಲ.

"ಬಸ್ ನಿಲ್ಲಸ್ರೀ!" ಎಂದು ಗುರುಸಿದ್ದವ್ವ ಕೂಗಿದಳು.

ಕಂಡಕ್ಟರ ಹಿಂದಿನಿಂದ ಬಂದ. "ಇಲ್ಲಿ ಸ್ಟಾಪ ಇಲ್ಲ ಬೇ. ಇದೇನ ನಿಮ್ಮ ಮನಿ ಟ್ರ್ಯಾಕ್ಟರ ಏನು?"

"ಟ್ರ್ಯಾಕ್ಟರ ಆಗಿದ್ರ ನಿನ್ನನ್ಯಾಕ ಕೇಳತಿದ್ದೆ? ಹುಡುಗಿ ಬಸುರಿ ಅದಾಳ. ಹೊತ್ತಿಗೆ ಸರಿಯಾಗಿ ಬೆರಳ ಚುಚ್ಚಿ ಶುಗರ ನೋಡಬೇಕು. ನಿನ್ನ ಬಸ್ಸ ಕುಣ್ಯಾಕತ್ತೈತಿ. ಒಂದ ನಿಮಿಷ ನಿಲ್ಲಿಸಪ್ಪಾ, ನಿನಗ ಪುಣ್ಯಾ ಬರತೈತಿ."

ಕಂಡಕ್ಟರ ಹುಡುಗಿಯ ಹೊಟ್ಟೆ ನೋಡಿದ, ಮಶೀನು ನೋಡಿದ, ಸೀಟಿ ಊದಿದ. ಡ್ರೈವರ ಬಸ್ಸನ್ನು ರಸ್ತೆಯ ಬದಿಗೆ ಇಳಿಸಿ ಎಂಜಿನನ್ನೂ ಬಂದ್ ಮಾಡಿದ. ಬದನೆಕಾಯಿ ಚೀಲದ ಮೇಲೆ ಕುಳಿತಿದ್ದವಳು ಎದ್ದು ಬಂದು ಸೀಟಿನ ಹಿಂದೆ ನಿಂತಳು. ಗುರುಸಿದ್ದವ್ವ ಫೋನು ಹಚ್ಚಿ ಕಿವಿಗೆ ಹಿಡಿದಳು.

"ನೋಡಾಕತ್ತೇವಿ. ಇರ್ರಿ," ಎಂದಳು.

"ಅದೀನಿ," ಎಂದಳು ಮಲಕವ್ವ.

ಶೈಲಶ್ರೀ ಕಣ್ಣು ಮುಚ್ಚಿ ಚುಚ್ಚಿಕೊಂಡಳು. ಎಳ್ಳಿನಷ್ಟು ರಕ್ತ ಬಂತು. ಪಟ್ಟಿ ಅದನ್ನು ಎಳೆದುಕೊಂಡಿತು. ಗುರುಸಿದ್ದವ್ವ ಕಿಟಕಿಯ ಹೊರಗೆ ಮುಖ ತಿರುಗಿಸಿದಳು.

"ನೂರಾ ಹದಿನಾಕು," ಎಂದು ಓದಿದವಳು ಬದನೆಕಾಯಿಯವಳು.

ಶೈಲಶ್ರೀ ಮಶೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಕಂಡಕ್ಟರ, "ಕಡಿಮಿ ಆತೋ, ಜಾಸ್ತಿ ಆತೋ?" ಎಂದು ಹಿಂದಿನವರನ್ನು ಕೇಳುತ್ತಿದ್ದ.

"ನೂರಾ ಹದಿನಾಕು ಬಂತ್ರಿ, ನೂರಿಪ್ಪತ್ತರ ಒಳಗ," ಎಂದು ಗುರುಸಿದ್ದವ್ವ ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

ಸೀಟಿ ಬಿತ್ತು, ಬಸ್ಸು ಹೊರಟಿತು. ಎರಡೂ ಬದಿಗೆ ಎಲೆ ಕಳಚಿದ ತೋಟಗಳು ಹಿಂದೆ ಸರಿದವು. ಅವಳು ಫೋನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆಯವಳೂ ಇಡಲಿಲ್ಲ. ಎಂಜಿನ್ನಿನ ಗದ್ದಲದ ನಡುವೆ ಜೈನಾಪುರದ ಅಂಗಳದಲ್ಲಿ ಒಂದು ಕರು ಕೂಗುವುದು ಕೇಳಿಸುತ್ತಿತ್ತು.